ಇನ್ನಾಸಪ್ಪನ ಸ್ವಂತ ಕಲ್ಲು

ಕನಕಪುರದಿಂದ ಮರಳವಾಡಿ ಕಡೆ ಹೋಗುವ ಬಸ್ಸಿನಲ್ಲಿ ಯಾರಾದರೂ ಹೊಸಬರು ಅಂತೋಣಪ್ಪನದೊಡ್ಡಿಗೆ ಟಿಕೆಟ್ ಕೇಳಿದರೆ, ಕಂಡಕ್ಟರು ಅವರ ಮುಖ ನೋಡಿ, ಜಗಳ ಮನೆಯೊಳಗಿನದೋ ಹೊರಗಿನದೋ ಎಂದು ವಿಚಾರಿಸುತ್ತಿದ್ದ. ಆ ಪುಟ್ಟ ಊರಿಗೆ ಹೊರಗಿನವರು ಬರುವುದೇ ಇನ್ನಾಸಪ್ಪನನ್ನು ಹುಡುಕಿಕೊಂಡು ಎಂಬುದು ಅವನಿಗೆ ಗೊತ್ತಿತ್ತು.

ಇನ್ನಾಸಪ್ಪ ವಕೀಲನಲ್ಲ, ಪಂಚಾಯಿತಿ ಮೆಂಬರೂ ಅಲ್ಲ. ಒಂದಿಷ್ಟು ಟೊಮೊಟೊ, ಒಂದಿಷ್ಟು ರಾಗಿ ಬೆಳೆದುಕೊಂಡು, ಭಾನುವಾರ ತಪ್ಪದೆ ಪೂಜೆಗೆ ಹೋಗುವ ಐವತ್ತು ದಾಟಿದ ಕ್ರೈಸ್ತ ರೈತ. ಅವನು ಮಾಡುತ್ತಿದ್ದ ಉಪಕಾರ ಇಷ್ಟೇ. ಎರಡು ಕಡೆಯವರು ಜಗಳವಾಡಿ, ತಪ್ಪು ಯಾರದೆಂದು ಇತ್ಯರ್ಥವಾಗದೆ, ಮುಖ ತಿರುಗಿಸಿಕೊಂಡು ಕೂತಿರುವ ಜಾಗಕ್ಕೆ ಹೋಗಿ, ತಪ್ಪು ತನ್ನದೆಂದು ಒಪ್ಪಿಕೊಳ್ಳುವುದು. ಅವನು ಆ ಜಾಗವನ್ನೇ ಅದುವರೆಗೆ ಕಂಡಿಲ್ಲವೆಂದು ಎಲ್ಲರಿಗೂ ಗೊತ್ತಿರುತ್ತಿತ್ತು. ಇದು ಸುಳ್ಳಲ್ಲವೇ ಎಂದು ಕೇಳುವವರಿಗೆ ನಾನು ಹೇಳುವುದು, ಹೌದು, ಶುದ್ಧ ಸುಳ್ಳು. ಆದರೆ ಆ ಸುಳ್ಳಿನಿಂದ ಕೆಲಸ ಆಗುತ್ತಿತ್ತು. ತಾನು ಮೊದಲು ಬಗ್ಗಲಿಲ್ಲ ಎಂಬ ಸಮಾಧಾನ ಒಂದು ಸಿಕ್ಕಿಬಿಟ್ಟರೆ ಮನುಷ್ಯ ಎಂಥ ಸುಳ್ಳನ್ನಾದರೂ ತಲೆಮೇಲೆ ಹೊತ್ತುಕೊಂಡು ಮೆರೆಸುತ್ತಾನೆ.

ಇದು ಶುರುವಾದದ್ದು ಊರಿನ ಒಂದು ಕಟ್ಟಳೆಯಿಂದ. ಈಸ್ಟರಿಗೆ ಮುಂಚಿನ ತಪಸ್ಸು ಕಾಲದಲ್ಲಿ ಎಲ್ಲರೂ ಗುಡಿಗೆ, ಅಂದರೆ ಚರ್ಚಿಗೆ ಹೋಗಿ, ಪಾದ್ರಿ ಸ್ವಾಮಿಗಳ ಮುಂದೆ ಪಾಪನಿವೇದನೆ ಮಾಡಬೇಕು. ಆದರೆ ಅಂತೋಣಪ್ಪನದೊಡ್ಡಿಯಲ್ಲಿ, ಮಾತು ಬಿಟ್ಟ ಇಬ್ಬರು ಮೊದಲು ತಮ್ಮತಮ್ಮಲ್ಲಿ ಮಾತಾಡಿದ ಮೇಲೆಯೇ ಆ ಸಾಲಿನಲ್ಲಿ ನಿಲ್ಲುವ ಹಾಗಿತ್ತು. ಹೀಗಾಗಿ ಕಡೇ ವಾರದಲ್ಲಿ ಗುಡಿಯ ಅಂಗಳದ ತುಂಬ ಬಿಗಿದ ಮುಖಗಳು. ಒಂದು ವರ್ಷ ರಾಯಪ್ಪ ಮತ್ತು ಚಿನ್ನಪ್ಪ ಎಂಬ ಅಕ್ಕಪಕ್ಕದ ಹೊಲದವರು ಬದುವಿನ ಕಲ್ಲು ಸರಿದಿದೆಯೆಂದು ಜಗಳವಾಡಿಕೊಂಡು, ಸಾಲಿನ ಮುಂದೆ ಅಡ್ಡಲಾಗಿ ಕೂತುಬಿಟ್ಟರು. ನೀನು ಮೊದಲು ಮಾತಾಡು ಎಂದು ಇವನು, ನೀನು ಮಾತಾಡು ಎಂದು ಅವನು. ಅವರ ಹಿಂದೆ ಇನ್ನಾಸಪ್ಪ. ಉಪವಾಸದ ದಿನ, ಹೊಟ್ಟೆ ಚುರುಗುಟ್ಟುತ್ತಿತ್ತು. ತಡೆಯಲಾರದೆ, ಕಲ್ಲು ಸರಿಸಿದ್ದು ತಾನೇ, ತಪ್ಪಾಯಿತು, ಈಗ ದಾರಿ ಬಿಡಿ ಎಂದುಬಿಟ್ಟ.

ಆ ಕಲ್ಲು ಸರಿದ ತಿಂಗಳು ಇನ್ನಾಸಪ್ಪ ಹರ್ನಿಯಾ ಆಪರೇಷನ್ ಮಾಡಿಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದ. ಇಬ್ಬರೂ ಕಿತ್ತಳೆ ಹಣ್ಣು ಹಿಡಿದುಕೊಂಡು ಹೋಗಿ ಅವನನ್ನು ನೋಡಿ ಬಂದಿದ್ದರು. ಆದರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಇಬ್ಬರೂ ಸೇರಿ ಇನ್ನಾಸಪ್ಪನಿಗೆ ಚೆನ್ನಾಗಿ ಉಗಿದರು. ಉಗಿದು ಮನಸ್ಸು ಹಗುರಾದ ಮೇಲೆ ಜೊತೆಯಾಗಿ ಟೀ ಕುಡಿಯಲು ಹೋದರು. ಇನ್ನಾಸಪ್ಪ ಅಲ್ಲೇ ನಿಂತು ಅವರ ಬೆನ್ನು ನೋಡಿದ. ಎದೆಯಲ್ಲಿ ಎಂಥದೋ ತಂಪು ಆಡಿತು. ಬೈಸಿಕೊಂಡು ಇಷ್ಟು ಸುಖವಾಗುತ್ತದೆಂದು ಅವನಿಗೆ ಗೊತ್ತೇ ಇರಲಿಲ್ಲ.

ಅಲ್ಲಿಂದ ಮುಂದೆ ಅವನಿಗೆ ಬಿಡುವಿಲ್ಲ. ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಅನಂತರಾಜು ಎಂಬ ರೈತನಿಗೂ ನೂರೀನ್ ಎಂಬ ರೇಷ್ಮೆ ಬಿಚ್ಚುವ ಹೆಂಗಸಿಗೂ ಜಗಳ, ಗೂಡಿನ ತಟ್ಟೆ ಯಾರ ಮೊಣಕೈ ತಗುಲಿ ಚೆಲ್ಲಿತು ಎಂದು. ಮಾರನೆಯ ದಿನ ಹೋದ ಇನ್ನಾಸಪ್ಪ, ಮೊಣಕೈ ತನ್ನದೆಂದ. ಚನ್ನಪಟ್ಟಣದ ಬೊಂಬೆ ಕೆಲಸದವರು ಒಂದು ರಾಶಿ ಮರದ ಕುದುರೆಗಳಿಗೆ ಎರಡು ಕಣ್ಣನ್ನೂ ಒಂದೇ ಕಡೆ ಬರೆದುಬಿಟ್ಟು, ಬರೆದದ್ದು ನಾನಲ್ಲ ನೀನು ಎಂದು ಕೂತಿದ್ದಾಗ, ಜನ್ಮದಲ್ಲಿ ಕುಂಚ ಹಿಡಿಯದ ಇನ್ನಾಸಪ್ಪ ಅಷ್ಟೂ ಕಣ್ಣುಗಳನ್ನು ತನ್ನ ತಲೆಗೆ ಹಾಕಿಕೊಂಡ. ಕೂಲಿ ಎಂದು ಏನೂ ಕೇಳುವವನಲ್ಲ. ಊಟ ಹಾಕಿ, ಬೈಕಿನಲ್ಲಿ ಬಸ್‌ಸ್ಟ್ಯಾಂಡಿನವರೆಗೆ ಬಿಟ್ಟರೆ ಸಾಕು. ಚನ್ನಪಟ್ಟಣದವರು ಕೊಟ್ಟ ಒಕ್ಕಡೆ ಕಣ್ಣಿನ ಕುದುರೆ ಅವನ ಮನೆಯ ಟೀವಿಯ ಮೇಲೆ, ಯೇಸುಸ್ವಾಮಿಯ ಪಟದ ಕೆಳಗೆ, ಗೋಡೆಯನ್ನೇ ನೋಡುತ್ತ ನಿಂತಿತ್ತು.

ಅವನ ಹೆಂಡತಿ ಲೂರ್ದಮ್ಮನಿಗೆ ಈ ಕೀರ್ತಿ ಕಂಡರೆ ಮೈಯೆಲ್ಲ ಉರಿ. ಯಾಕೆಂದರೆ ಮನೆಯೊಳಗೆ ಇನ್ನಾಸಪ್ಪ ಯಾವ ತಪ್ಪನ್ನೂ ಒಪ್ಪಿಕೊಂಡವನಲ್ಲ. ಹಾಲು ಉಕ್ಕಿದರೆ ಒಲೆಯ ತಪ್ಪು. ಬೀಗದ ಕೈ ಕಳೆದರೆ ಜೇಬಿನ ತಪ್ಪು. ಅವಳ ತಮ್ಮನ ಮದುವೆಗೆ ಒಂದು ದಿನ ತಡವಾಗಿ ಹೋದದ್ದು ಕ್ಯಾಲೆಂಡರಿನ ತಪ್ಪು. ಮದುವೆಯಾದಾಗಿನಿಂದ ಒಂದೇ ಒಂದು ಸಲ 'ತಪ್ಪಾಯ್ತು' ಅನ್ನೋ ಮಾತು ತನ್ನ ಕಿವಿಗೆ ಬಿದ್ದಿಲ್ಲವೆಂದು ಅವಳು ಕಂಡಕಂಡವರಲ್ಲಿ ಹೇಳಿಕೊಂಡು ತಿರುಗುತ್ತಿದ್ದಳು. ಜನ ನಗುತ್ತಿದ್ದರು. ಅಂಥ ದೊಡ್ಡ ಮನುಷ್ಯನ ಮೇಲೆ ಹೆಂಡತಿ ಹೀಗೆ ಹೇಳಬಾರದು ಎಂದು ಬುದ್ಧಿಯನ್ನೂ ಹೇಳುತ್ತಿದ್ದರು.

ಗುಡ್ ಫ್ರೈಡೆಯ ದಿನವಂತೂ ಇನ್ನಾಸಪ್ಪನದೇ ದರ್ಬಾರು. ಆ ದಿನ ಊರಿನವರೆಲ್ಲ ತಮ್ಮ ತಮ್ಮ ಹೊಲದಿಂದ ಒಂದೊಂದು ಕಲ್ಲನ್ನು ಹೊತ್ತು ಬೆಟ್ಟ ಹತ್ತಿ, ತುದಿಯಲ್ಲಿರುವ ಶಿಲುಬೆಯ ಬುಡದಲ್ಲಿ ಇಳಿಸುತ್ತಾರೆ. ನಮ್ಮ ಪಾಪವನ್ನು ಯೇಸುಸ್ವಾಮಿ ಹೊತ್ತರಲ್ಲ, ಅದು ಎಷ್ಟು ಭಾರವಿದ್ದಿರಬಹುದು ಎಂದು ತಲೆಗೆ ತಟ್ಟಲಿ ಎಂಬುದು ಹಿರಿಯರ ಲೆಕ್ಕಾಚಾರ. ಕಲ್ಲು ಎಷ್ಟು ದೊಡ್ಡದಿರಬೇಕೆಂಬುದು ಅವರವರ ಮನಸ್ಸಿಗೆ ಬಿಟ್ಟದ್ದು. ರಾಯಪ್ಪ ತರುತ್ತಿದ್ದದ್ದು ಹುಣಸೆ ಬೀಜಕ್ಕಿಂತ ಒಸಿ ದಪ್ಪದ್ದು. ಕಾಲು ನೋವಿನವರು, ಸೊಂಟ ನೋವಿನವರು, ಯಾವ ನೋವೂ ಇಲ್ಲದ ಸೋಮಾರಿಗಳು, ಎಲ್ಲರೂ ತಮ್ಮ ಕಲ್ಲನ್ನು ಇನ್ನಾಸಪ್ಪನ ಜಗುಲಿಯ ಮೇಲೆ ಇಟ್ಟು ಹೋಗುತ್ತಿದ್ದರು. ಅವನು ಎಲ್ಲವನ್ನೂ ಗೋಣಿಚೀಲಕ್ಕೆ ತುಂಬಿ ಹೊತ್ತು ಹತ್ತುವನು. ತನ್ನದೊಂದು ಕಲ್ಲು ಇಡುವುದನ್ನು ಮಾತ್ರ ಪ್ರತಿ ವರ್ಷವೂ ಮರೆಯುವನು.

ಊರಿಗೆ ಹೊಸದಾಗಿ ಬಂದ ಡೊಮಿನಿಕ್ ಸ್ವಾಮಿಗಳು ಚಿಕ್ಕ ವಯಸ್ಸಿನವರು, ಚೆನ್ನಾಗಿ ಓದಿಕೊಂಡವರು. ಮೊದಲ ಸಲ ಇನ್ನಾಸಪ್ಪ ಪಾಪನಿವೇದನೆಗೆ ಮಂಡಿಯೂರಿ, ಗೂಡು ಚೆಲ್ಲಿದ್ದು, ಕುದುರೆಯ ಕಣ್ಣು ಕೆಡಿಸಿದ್ದು ಎಲ್ಲವನ್ನೂ ಒಪ್ಪಿಸುತ್ತ ಹೋದಾಗ ಅವರು ಗಾಬರಿಯಾದರು. ಯಾವುದೂ ಅವನು ಮಾಡಿದ್ದಲ್ಲವೆಂದು ತಿಳಿದ ಮೇಲೆ ಇನ್ನೂ ಗಾಬರಿಯಾದರು. ಸ್ವಂತದ್ದು ಏನಾದರೂ ಇದ್ದರೆ ಹೇಳಿ ಎಂದರು. ಇನ್ನಾಸಪ್ಪ ಬಹಳ ಹೊತ್ತು ತಲೆ ಕೆರೆದುಕೊಂಡು, ಸದ್ಯಕ್ಕೆ ಯಾವುದೂ ಜ್ಞಾಪಕಕ್ಕೆ ಬರುತ್ತಿಲ್ಲವೆಂದ.

ಪೂಜೆ ಮುಗಿದ ಮೇಲೆ ಸ್ವಾಮಿಗಳು ಅವನನ್ನು ಕೂರಿಸಿಕೊಂಡು ತಾಳ್ಮೆಯಿಂದ ತಿಳಿಸಿದರು. ಲೋಕದ ಪಾಪವನ್ನು ಹೊತ್ತವರು ಒಬ್ಬರು ಇದ್ದಾರೆ, ಎಲ್ಲರದನ್ನೂ ಸೇರಿಸಿ ಒಂದೇ ಸಲ ಹೊತ್ತಾಗಿದೆ, ಆ ಪ್ರಾಯಶ್ಚಿತ್ತ ಪೂರ್ತಿಯಾಗಿದೆ, ಅದಕ್ಕೆ ಇನ್ನೊಬ್ಬರು ಕೈ ಹಾಕಬೇಕಾಗಿಲ್ಲ ಎಂದರು. ಇನ್ನಾಸಪ್ಪ ಭಕ್ತಿಯಿಂದ ಕೈಮುಗಿದ.

"ಅವ್ರು ದೇವ್ರು ಸ್ವಾಮಿ, ದೊಡ್ಡ್ ದೊಡ್ಡ್ವ ಹೊತ್ತವ್ರೆ. ಇಂಥ ಸಣ್ಣ್ ಪುಟ್ಟವು ನಂಗಿರ್ಲಿ ಬುಡಿ."

ಸ್ವಾಮಿಗಳು ಕನ್ನಡಕ ತೆಗೆದು ಒರೆಸಿಕೊಂಡರು. 

ಈಗ ನಾನು ಹೇಳಬೇಕಾದ ಮುಖ್ಯ ಸಂಗತಿಗೆ ಬರುತ್ತೇನೆ. ಇನ್ನಾಸಪ್ಪನಿಗೆ ಆರೋಗ್ಯಮ್ಮ ಎಂಬ ಅಕ್ಕ. ತಾಯಿ ಸತ್ತಾಗ ಅವನಿನ್ನೂ ತೊಟ್ಟಿಲ ಕೂಸು. ಎತ್ತಿ ಆಡಿಸಿದವಳು, ರಾಗಿ ಗಂಜಿ ಕುಡಿಸಿ ಬೆಳೆಸಿದವಳು ಅವಳೇ. ಗಂಡ ತೀರಿಕೊಂಡ ಮೇಲೆ ತಮ್ಮನ ಹೊಲದ ಪಕ್ಕದಲ್ಲೇ ಹಿಪ್ಪುನೇರಳೆ ಬೆಳೆದು, ರೇಷ್ಮೆ ಹುಳು ಸಾಕಿಕೊಂಡಿದ್ದಳು. ಮಂಡಿ ನೋವು ಇದ್ದರೂ ಹುಳುವಿಗೆ ಸೊಪ್ಪು ಹಾಕುವುದನ್ನು ಒಂದು ಹೊತ್ತೂ ತಪ್ಪಿಸಿದವಳಲ್ಲ. ಅವಳ ತೋಟದ ಇನ್ನೊಂದು ಮಗ್ಗುಲಿಗೆ ಬೋರಲಿಂಗಯ್ಯನ ಹೊಲ. ಅವನೂ ಅವನ ಹೆಂಡತಿ ಸರಸಮ್ಮನೂ ಪಕ್ಕದ ಊರಿನ ಒಕ್ಕಲು ಮನೆಯವರು, ಕ್ರೈಸ್ತರಲ್ಲ. ಗುಡ್ ಫ್ರೈಡೆ ದಿನ ಬೆಟ್ಟದ ಬುಡದಲ್ಲಿ ಒಂದು ಹಂಡೆ ಮಜ್ಜಿಗೆ ಇಟ್ಟುಕೊಂಡು, ಕಲ್ಲು ಹೊತ್ತು ಬಂದವರಿಗೆಲ್ಲ ಕೊಡುವುದು ಅವರ ಮನೆಯಲ್ಲಿ ತಾತನ ಕಾಲದಿಂದ ನಡೆದುಬಂದಿತ್ತು. ಯಾಕೆ ಎಂದು ಕೇಳಿದರೆ, ಬಿಸಿಲಲ್ವೇ ಎನ್ನುತ್ತಿದ್ದ ಬೋರಲಿಂಗಯ್ಯ.

ರೇಷ್ಮೆಯ ಊರುಗಳಲ್ಲಿ ಒಂದು ನಿಯಮವಿದೆ, ಎಳೆ ಮಕ್ಕಳಿಗೂ ಗೊತ್ತಿರುವಂಥದು. ಪಕ್ಕದ ತೋಟದ ಸೊಪ್ಪನ್ನು ಹುಳು ತಿನ್ನುತ್ತಿರುವಾಗ ಹೇಳದೆ ಔಷಧಿ ಹೊಡೆಯಬಾರದು. ಗಾಳಿಗೆ ಒಂದು ಹನಿ ಹಾರಿ ಎಲೆಯ ಮೇಲೆ ಕೂತರೆ ಸಾಕು, ಹುಳು ಉಳಿಯುವುದಿಲ್ಲ. ಆ ವರ್ಷ ತಪಸ್ಸು ಕಾಲದಲ್ಲಿ ಆರೋಗ್ಯಮ್ಮನ ಹುಳು ಕಡೇ ಜ್ವರ ಎದ್ದು, ಅಂದರೆ ಕಡೇ ಸಲ ಪೊರೆ ಬಿಟ್ಟು, ಗೂಡು ಕಟ್ಟುವ ಮೊದಲಿನ ದೊಡ್ಡ ಹಸಿವಿನಲ್ಲಿ ಇದ್ದವು. ಇನ್ನಾಸಪ್ಪನ ಟೊಮೊಟೊಗೆ ಕೀಟ ಬಿದ್ದಿತ್ತು. ಅಕ್ಕನಿಗೆ ಹೇಳಿದರೆ, ಹುಳು ಹಣ್ಣಾಗಿ ಗೂಡು ಕಟ್ಟುವ ಚಂದ್ರಿಕೆ ತಟ್ಟೆಗೆ ಏರುವ ತನಕ ತಡಿ ಅನ್ನುತ್ತಾಳೆ. ಅಷ್ಟರೊಳಗೆ ಟೊಮೊಟೊ ಮುಗಿದಿರುತ್ತದೆ. ಜೊತೆಗೆ ಆ ಹೊತ್ತಿಗೇ ಮಾಗಡಿಯಿಂದ ಕಾರು ಬಂದು ರಸ್ತೆಯಲ್ಲಿ ನಿಂತಿತ್ತು. ಅಲ್ಲಿ ಒಂದು ಮದುವೆ ಮನೆಯಲ್ಲಿ ಪಾಯಸಕ್ಕೆ ಉಪ್ಪು ಬಿದ್ದು, ಬೀಗರು ಎಲೆಯಿಂದ ಎದ್ದುಬಿಟ್ಟಿದ್ದರು. ಉಪ್ಪು ಹಾಕಿದವನು ತುರ್ತಾಗಿ ಬೇಕಾಗಿತ್ತು. ಲೂರ್ದಮ್ಮ ಕೈಲಾಂಚದ ನೆಂಟರ ಮನೆಗೆ ಹೋಗಿದ್ದಳು. ಇನ್ನಾಸಪ್ಪ ಯಾರಿಗೂ ಹೇಳದೆ, ಬೀಸುತ್ತಿದ್ದ ಗಾಳಿಯನ್ನೂ ಲೆಕ್ಕಿಸದೆ, ಔಷಧಿ ಹೊಡೆದು, ಅಂಗಿ ಬದಲಾಯಿಸಿಕೊಂಡು ಕಾರು ಹತ್ತಿದ.

ಮಾಗಡಿಯಲ್ಲಿ ಅವನು ಪಾಯಸದ ತಪ್ಪನ್ನು ಬಹಳ ಸೊಗಸಾಗಿ ಒಪ್ಪಿಕೊಂಡನಂತೆ. ಬೀಗರು ಮತ್ತೆ ಎಲೆಗೆ ಕೂತರಂತೆ. ಅವನು ಬಾಳೆಗೊನೆ ಹೊತ್ತುಕೊಂಡು ಊರಿಗೆ ಮರಳಿದ ಎರಡು ದಿನಕ್ಕೆ ಆರೋಗ್ಯಮ್ಮನ ಹುಳುಮನೆಯಲ್ಲಿ ಹುಳುಗಳು ತಲೆ ಆಡಿಸುತ್ತ, ಹಸಿರು ನೀರು ಕಕ್ಕುತ್ತ, ತಟ್ಟೆ ತಟ್ಟೆಯೇ ಸತ್ತವು. ಅವಳು ಸತ್ತ ಹುಳುವನ್ನು ಮೊರದಲ್ಲಿ ತುಂಬಿ ತುಂಬಿ ತಿಪ್ಪೆಗೆ ಸುರಿಯುವುದನ್ನು ಇನ್ನಾಸಪ್ಪ ತನ್ನ ಹೊಲದಿಂದ ನೋಡಿದ. ನೋಡಿ, ತನ್ನ ಔಷಧಿ ಪಂಪನ್ನು ಹುಲ್ಲಿನ ಮೆದೆಯ ಹಿಂದೆ ಬಚ್ಚಿಟ್ಟ. ನಾಚಿಕೆಗೇಡು, ಆದರೆ ಬಚ್ಚಿಟ್ಟದ್ದು ನಿಜ.

ಆರೋಗ್ಯಮ್ಮನ ಅನುಮಾನ ಹೋದದ್ದು ಬೋರಲಿಂಗಯ್ಯನ ಮೇಲೆ. ಅವನು ಅದೇ ತಿಂಗಳು ಹೊಸ ಔಷಧಿ ಪಂಪು ಕೊಂಡು ಊರಿಗೆಲ್ಲ ತೋರಿಸಿಕೊಂಡು ಬಂದಿದ್ದ. ತಾನು ಅದನ್ನು ಇನ್ನೂ ಕವರಿನಿಂದಲೇ ತೆಗೆದಿಲ್ಲವೆಂದು ಅವನು ಎಷ್ಟು ಹೇಳಿದರೂ ಅವಳು ಕೇಳಲಿಲ್ಲ. ತಮ್ಮನ ಮೇಲೆ ಅನುಮಾನ ಬರುವ ಮಾತೇ ಇಲ್ಲ. ಹಾಲಿನ ಡೇರಿಯ ಮುಂದೆ ಜನ ಸೇರಿ, ಎರಡೂ ಕಡೆ ದನಿ ಏರಿ, ಹೊತ್ತು ಮೀರಿದ ಮೇಲೆ ರಾಯಪ್ಪನಿಗೆ ಹೊಳೆದದ್ದು ಒಂದೇ ಉಪಾಯ. ಇನ್ನಾಸಪ್ಪನನ್ನು ಕರೆಸಿ ಎಂದ.

ಕರೆ ಬಂದಾಗ ಇನ್ನಾಸಪ್ಪ ಮೊದಲು ಚಪ್ಪಲಿ ಹುಡುಕುವ ನೆಪದಲ್ಲಿ ತಡಮಾಡಿದ. ಆಮೇಲೆ, ದಾರಿಯಲ್ಲಿ, ಒಂದು ಯೋಚನೆ ಬಂದು ಮನಸ್ಸು ಅರಳಿತು. ಹೇಗಿದ್ದರೂ ತಪ್ಪು ತನ್ನದು ಎನ್ನಬೇಕು. ಈ ಸಲ ಅದು ನಿಜವೂ ಹೌದು. ಸತ್ಯ ಹೇಳಿದ ಹಾಗೂ ಆಯಿತು, ಸಿಕ್ಕಿಬೀಳದ ಹಾಗೂ ಆಯಿತು. ಇಂಥ ಅನುಕೂಲ ಎಷ್ಟು ಜನಕ್ಕೆ ಸಿಗುತ್ತದೆ? ಡೇರಿಯ ಮುಂದೆ ನಿಂತು, ಎಂದಿನ ಗಂಭೀರ ದನಿಯಲ್ಲಿ, ಔಷಧಿ ಹೊಡೆದದ್ದು ತಾನೇ, ಹೇಳದೆ ಹೊಡೆದೆ, ಅಕ್ಕನ ಹುಳು ಸತ್ತದ್ದು ತನ್ನಿಂದಲೇ, ತಪ್ಪಾಯಿತು ಎಂದು ತಲೆ ಬಾಗಿಸಿದ.

ಜನ ತಲೆದೂಗಿದರು. ಚಿನ್ನಪ್ಪನ ಕಣ್ಣಲ್ಲಿ ನೀರೇ ಬಂತು. ಈ ಸಲದಷ್ಟು ಚೆನ್ನಾಗಿ ಯಾವತ್ತೂ ಹೇಳಿರಲಿಲ್ಲ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಆರೋಗ್ಯಮ್ಮ ಮಾತ್ರ ಬಗ್ಗಲಿಲ್ಲ.

"ನನ್ ತಮ್ಮ ಒಳ್ಳೇವ್ನು, ಯಾರ್ ತಪ್ಪಾದ್ರೂ ಹೊತ್ಕೋತಾನೆ. ಅದ್ರಿಂದ ನಂಗೇನ್ ಬಂತು? ಔಸ್ತಿ ಹೊಡ್ದೋನು ಯಾರೋ, ಅವ್ನು ಬಂದು ಬಾಯ್ಬುಡ್ಲಿ."

ಹಾಗೆಂದು ಎದ್ದು ಹೋದಳು. ಬೋರಲಿಂಗಯ್ಯನ ಮನೆಯ ನೀರೂ ಮುಟ್ಟುವುದಿಲ್ಲವೆಂದಳು. ಅವಳ ಮಾತನ್ನು ಊರೂ ಹಿಡಿದುಕೊಂಡಿತು. ಬೋರಲಿಂಗಯ್ಯ ಡೇರಿಗೆ ಹಾಲು ತಂದರೆ ಹರಟೆ ನಿಲ್ಲುತ್ತಿತ್ತು. ಸರಸಮ್ಮ ಹೊರಗೆ ಬರುವುದನ್ನೇ ಬಿಟ್ಟಳು.

ಇನ್ನಾಸಪ್ಪ ಆ ದಿನ ಚೆನ್ನಾಗಿ ಉಂಡ. ಮಾರನೆಯ ದಿನವೂ ಉಂಡ. ಅದರ ಮಾರನೆಯ ದಿನ ಬೋರಲಿಂಗಯ್ಯನೇ ಅವನ ಜಗುಲಿಗೆ ಬಂದು, ಟವೆಲ್ಲನ್ನು ಕೈಯಲ್ಲಿ ಮುದುರಿಕೊಂಡು ಕೂತ. ಬಹಳ ಹೊತ್ತು ಟೊಮೊಟೊ ವಿಚಾರ ಮಾತಾಡಿ, ಕೊನೆಗೆ ಬಂದ ಕೆಲಸ ಹೇಳಿದ. ಇನ್ನೊಂದು ಸಲ ಆ ತಪ್ಪನ್ನು ಹೊತ್ತುಕೊಳ್ಳಬೇಕು, ಆದರೆ ಈ ಸಲ ಅಕ್ಕ ನಂಬುವ ಹಾಗೆ ಹೊರಬೇಕು, ತನ್ನ ಹೆಂಡತಿ ಊಟ ಬಿಟ್ಟಿದ್ದಾಳೆ ಎಂದ. ಇನ್ನಾಸಪ್ಪ ಅವನ ಹತ್ತಿರಕ್ಕೆ ಸರಿದು ಕೂತ.

"ಬೋರಣ್ಣ, ಅದು ನಿಜವಾಗ್ಲೂ ನಾನೇ."

"ಹಾಂ, ಹಂಗೇ ಹೇಳು," ಎಂದ ಬೋರಲಿಂಗಯ್ಯ, ಮುಖ ಸ್ವಲ್ಪ ಗೆಲುವಾಗಿ. "ಇನ್ನೂ ಒಸಿ ಜೋರಾಗಿ ಹೇಳು."

ಅಂದಿನಿಂದ ಇನ್ನಾಸಪ್ಪನಿಗೆ ಅನ್ನ ಇಳಿಯಲಿಲ್ಲ. ತಾನೇ ಮಾಡಿದ್ದೆಂದು ಯಾರನ್ನಾದರೂ ನಂಬಿಸಲು ಊರೆಲ್ಲ ಅಲೆದ. ಮೆದೆಯ ಹಿಂದಿನ ಪಂಪನ್ನೂ ಖಾಲಿ ಬಾಟಲಿಯನ್ನೂ ತಂದು ರಾಯಪ್ಪನ ಮುಂದೆ ಇಟ್ಟರೆ, ಅವನು ಬಾಟಲಿಯನ್ನು ತಿರುಗಿಸಿ ನೋಡಿ, ಎಷ್ಟು ಶ್ರಮ ತಗೊಂಡಿದ್ದೀಯಪ್ಪ ಎಂದು ಮೆಚ್ಚಿಕೊಂಡ. ಕನಕಪುರಕ್ಕೆ ಹೋಗಿ ಔಷಧಿ ಅಂಗಡಿಯ ಮುನಿಕೃಷ್ಣನನ್ನು ಸಾಕ್ಷಿ ಹೇಳೆಂದು ಕೇಳಿದ. ಮುನಿಕೃಷ್ಣ ಕೈಮುಗಿದು, ಹೋದ ವರ್ಷ ನನ್ನ ಅಂಗಡಿಯ ಗಾಜು ಒಡೆದದ್ದೂ ನೀನೇ ಎಂದು ಹೇಳಿದ್ದೆಯಲ್ಲ, ಒಡೆದ ಕೋತಿಯನ್ನು ಆಮೇಲೆ ನಾನೇ ಕಂಡೆ, ನಿನ್ನ ವಿಚಾರದಲ್ಲಿ ಸಾಕ್ಷಿ ಹೇಳಿದರೆ ನನ್ನ ಮಾತಿಗೂ ಬೆಲೆ ಹೋಗುತ್ತದೆ ಎಂದ. ಮನೆಯಲ್ಲಿ ಲೂರ್ದಮ್ಮನ ಮುಂದೆ ಬಾಯಿ ತೆಗೆದರೆ ಅವಳು ಸೌಟು ತೋರಿಸಿ, ಈ ಆಟವನ್ನೆಲ್ಲ ಮನೆಯ ಹೊರಗೆ ಇಟ್ಟುಕೋ ಎಂದಳು. ಅಕ್ಕನ ಬಾಗಿಲಿಗೆ ಹೋಗಿ ನಿಂತರೆ, ಅವಳು ಒಂದು ಲೋಟ ಕಾಫಿ ಕೊಟ್ಟು, ಆ ಬೋರಲಿಂಗಯ್ಯನ ಪರ ವಹಿಸಿ ನೀನು ಕೊರಗಬೇಡ ಎಂದು ಬೆನ್ನು ಸವರಿದಳು. ಆ ಕಾಫಿ ಕುಡಿಯುವುದು ಅವನಿಗೆ ಪಂಪಿನೊಳಗಿನ ಔಷಧಿ ಕುಡಿದಷ್ಟೇ ಕಷ್ಟವಾಯಿತು.

ಕಡೇ ವಾರದಲ್ಲಿ ಗುಡಿಗೆ ಹೋಗಿ ಮಂಡಿಯೂರಿದ. ಜಾಲರಿಯ ಆಚೆ ಡೊಮಿನಿಕ್ ಸ್ವಾಮಿಗಳು, ಇದು ಸ್ವಂತದ್ದೋ ಬೇರೆಯವರದೋ ಎಂದು ಮೊದಲೇ ಕೇಳಿದರು. ಸ್ವಂತದ್ದು ಎಂದ ಇನ್ನಾಸಪ್ಪ. ದನಿ ಎಷ್ಟು ಸಣ್ಣದಾಗಿತ್ತೆಂದರೆ ಸ್ವಾಮಿಗಳು ಕಿವಿಯನ್ನು ಜಾಲರಿಗೆ ಒತ್ತಿಕೊಳ್ಳಬೇಕಾಯಿತು. ಎಲ್ಲ ಕೇಳಿದ ಮೇಲೆ ಅವರು ಕಿವಿಯನ್ನು ಜಾಲರಿಯಿಂದ ತೆಗೆದು ಅವನ ಕಡೆ ತಿರುಗಿದರು.

"ನೀವು ಇಷ್ಟು ವರ್ಷ ಹೊತ್ತಿದ್ದು ಯಾವುದೂ ನಿಮ್ಮದಲ್ಲ, ಅದಕ್ಕೇ ಹಗುರವಾಗಿತ್ತು," ಎಂದರು. "ಯೇಸುಸ್ವಾಮಿ ನಮ್ಮ ಪಾಪ ಹೊತ್ತರು ಅನ್ನೋದು ಯಾರಿಗೆ ದಕ್ಕುತ್ತೆ ಗೊತ್ತಾ ಇನ್ನಾಸಪ್ಪ? ಅದು ನನ್ನದು ಅಂತ ಬಾಯಿಬಿಟ್ಟವನಿಗೆ. ಮಿಕ್ಕವರಿಗೆ ಅದು ಯಾರದೋ ಮನೆ ಸುದ್ದಿ."

"ಬಾಯ್ಬುಟ್ರೂ ಯಾರೂ ನಂಬ್ತಿಲ್ವಲ್ಲ ಸ್ವಾಮಿ."

ದೇವರು ನಂಬಿದ್ದಾನೆ, ಕ್ಷಮಿಸಿಯೂ ಇದ್ದಾನೆ, ಆದರೆ ಅಕ್ಕನ ವಿಚಾರ ನೀವೇ ನೋಡಿಕೊಳ್ಳಬೇಕು ಎಂದರು ಸ್ವಾಮಿಗಳು. ಜಪಮಾಲೆ ಹೇಳು, ಉಪವಾಸ ಮಾಡು ಎಂದಿದ್ದರೆ ಇನ್ನಾಸಪ್ಪ ಸಂತೋಷದಿಂದ ಮಾಡುತ್ತಿದ್ದ. ಬೋರಲಿಂಗಯ್ಯನ ಮೇಲಿನ ಅಪವಾದ ಇಳಿಯುವ ಹಾಗೆ ಅಕ್ಕನನ್ನು ನಂಬಿಸು ಎಂಬ ದಂಡನೆ ಅವನಿಗೆ ಬೆಟ್ಟಕ್ಕಿಂತ ದೊಡ್ಡದಾಗಿ ಕಂಡಿತು.

ಗುರುವಾರ ಸಂಜೆಯ ಹೊತ್ತಿಗೆ ಅವನ ಜಗುಲಿ ಎಂದಿನಂತೆ ಊರಿನವರ ಕಲ್ಲುಗಳಿಂದ ತುಂಬಿತ್ತು. ಇನ್ನಾಸಪ್ಪ ಅವನ್ನು ಚೀಲಕ್ಕೆ ಹಾಕಿಕೊಂಡು ಮನೆಮನೆಗೆ ಹೋಗಿ ವಾಪಸು ಕೊಟ್ಟ. ಯಾವ ಕಲ್ಲು ಯಾರದೆಂದು ಅವರಿಗೇ ಗೊತ್ತಾಗದೆ, ನನ್ನದು ಇಷ್ಟು ದೊಡ್ಡದಲ್ಲ, ಇದು ಚಿನ್ನಪ್ಪನದು ಎಂದು ಬೀದಿಯಲ್ಲಿ ದೊಡ್ಡ ಗದ್ದಲವಾಯಿತು. ಹಿಂದಾಗಿದ್ದರೆ ಎಲ್ಲವೂ ನಂದೇ ಎಂದುಬಿಡುತ್ತಿದ್ದ. ಈಗ ಯಾರ ಮಾತಿಗೂ ಉತ್ತರ ಕೊಡದೆ ಹೊಲಕ್ಕೆ ಹೋಗಿ, ಟೊಮೊಟೊ ಸಾಲಿನ ಕೊನೆಯಲ್ಲಿ, ಅಕ್ಕನ ತೋಟದ ಮಗ್ಗುಲಿಗೆ ಬಿದ್ದಿದ್ದ ಒಂದು ಕರೀ ಕಲ್ಲನ್ನು ಆರಿಸಿಕೊಂಡ.

ಶುಕ್ರವಾರ ಮಧ್ಯಾಹ್ನದ ಬಿಸಿಲಿನಲ್ಲಿ ಬೆಟ್ಟದ ಬುಡಕ್ಕೆ ಬಂದಾಗ ಬೋರಲಿಂಗಯ್ಯ ಮಜ್ಜಿಗೆಯ ಹಂಡೆ ಇಟ್ಟುಕೊಂಡು ಕೂತಿದ್ದ. ಅವಮಾನವಾಗಿದೆಯೆಂದು ತಾತನ ಕಾಲದ ಪದ್ಧತಿ ಬಿಡುವುದಕ್ಕಾಗುತ್ತದೆಯೇ? ಸರಸಮ್ಮನೂ ಸೆರಗು ಎಳೆದುಕೊಂಡು ಪಕ್ಕದಲ್ಲಿ ಇದ್ದಳು. ಜನ ಅವರನ್ನು ಕಾಣದವರಂತೆ, ಒಣಗಿದ ಬಾಯಲ್ಲಿ ದಾಟಿ ಹೋಗುತ್ತಿದ್ದರು. ಹಂಡೆ ತುಂಬಿದ್ದು ತುಂಬಿದ ಹಾಗೇ ಇತ್ತು. ಸ್ವಲ್ಪ ದೂರದ ಹುಣಸೆಮರದ ನೆರಳಲ್ಲಿ ಆರೋಗ್ಯಮ್ಮ. ಮಂಡಿ ನೋವಿನಿಂದ ಅವಳು ಬೆಟ್ಟ ಹತ್ತಿ ಎಷ್ಟೋ ವರ್ಷವಾಗಿತ್ತು. ಅವಳ ಕಲ್ಲನ್ನು ಹೊರುತ್ತಿದ್ದವನೂ ಇನ್ನಾಸಪ್ಪನೇ. ನನ್ನ ಕಲ್ಲನ್ನೂ ವಾಪಸು ಇಟ್ಟು ಹೋಗಿದ್ದೀಯಲ್ಲ ಎಂದು ಕೇಳಿದಳು.

ಇನ್ನಾಸಪ್ಪ ತಲೆಯ ಮೇಲಿನ ಕಲ್ಲನ್ನು ಇಳಿಸದೆ ಅವಳ ಮುಂದೆ ನಿಂತ. ದಾರಿಯುದ್ದಕ್ಕೂ ಅವನು ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದ. ಚೊಕ್ಕವಾದ ಮಾತು, ಯಾರ ಮನಸ್ಸಾದರೂ ಕರಗಬೇಕು. ಬಾಯಿ ತೆಗೆದಾಗ ಬಂದದ್ದೇ ಬೇರೆ.

"ಅಕ್ಕ, ನಾನು ಸುರು ಮಾಡ್ದಾಗ ಗಾಳಿ ಇರ್ಲೇ ಇಲ್ಲ. ಒಂದ್ ಎಲೆ ಅಲ್ಲಾಡ್ತಿರ್ಲಿಲ್ಲ. ಆಮ್ಯಾಕೆ ಬಂತು. ಗಾಳೀನ ನಾನ್ ಕರ್ದ್ನಾ? ಆ ಮಾಗಡಿ ಡ್ರೈವರ್ ಬೇರೆ ಹಾರನ್ ಮ್ಯಾಲ್ ಹಾರನ್ ಹೊಡೀತಿದ್ದ. ಇಷ್ಟ್ ಜೋರ್ ಔಸ್ತಿ ಅಂತ ಆ ಮುನಿಕೃಷ್ಣ ಹೇಳ್ಲಿಲ್ಲ. ನೀನಾದ್ರೂ ಅಷ್ಟೇ, ಸೊಪ್ಪು ಕುಯ್ಯೋ ಮುಂದೆ ಒಸಿ ಮೂಸಿ ನೋಡಕಾಗ್ಲಿಲ್ವಾ? ಯಾವಾಗ್ಲೂ ಮೂಸ್ತಿದ್ದೆ, ಅವತ್ತೇ ಯಾಕ್ ಮೂಸ್ಲಿಲ್ಲ?"

ಆರೋಗ್ಯಮ್ಮ ಅವನ ಮುಖವನ್ನೇ ನೋಡಿದಳು. ಹಾಲು ಚೆಲ್ಲಿ, ಬೆಕ್ಕು ಚೆಲ್ಲಿತು ಎನ್ನುತ್ತಿದ್ದ ಹುಡುಗನ ಮುಖ ಅದು. ಅವಳಿಗೆ ಆ ಮುಖ ಚೆನ್ನಾಗಿ ಗೊತ್ತಿತ್ತು.

"ನೀನೇ ಕಣ್ಲಾ," ಎಂದಳು. "ಊರೋರ ತಪ್ಪು ಹೊರೋವಾಗ ನೀನ್ ಯಾವತ್ತೂ ನೆಪ ಹೇಳ್ದೋನಲ್ಲ. ಇವತ್ತು ಗಾಳಿ ಮ್ಯಾಕೆ ಹಾಕ್ತಿದ್ದೀಯ, ನನ್ ಮ್ಯಾಕೂ ಹಾಕ್ತಿದ್ದೀಯ. ಇದು ನಿಂದೇ."

ಮಜ್ಜಿಗೆಯ ಸೌಟು ಹಿಡಿದಿದ್ದ ಬೋರಲಿಂಗಯ್ಯ ಎದ್ದು ನಿಂತ.  ಇನ್ನಾಸಪ್ಪ ಕಲ್ಲನ್ನು ಹಿಡಿದುಕೊಂಡೇ ನೆಲಕ್ಕೆ ಕೂತು, ಮಗುವಿನ ಹಾಗೆ ಅತ್ತ. ಹೇಳದೆ ಹೊಡೆದೆ, ಗಾಳಿ ಇತ್ತು, ನೋಡಿಯೂ ಹೊಡೆದೆ ಎಂದ. ಟೊಮೊಟೊ ಪೂರ್ತಿ ನಿನ್ನದು, ಮುಂದಿನ ಸಲ ನಿನ್ನ ಹುಳುವಿಗೆ ನಾನೇ ಸೊಪ್ಪು ಹಾಕುತ್ತೇನೆ, ಹೊಲವನ್ನೇ ತಗೋ ಎಂದು ಒಂದಕ್ಕೊಂದು ಸಂಬಂಧವಿಲ್ಲದೆ ಏನೇನೋ ಹೇಳಿದ. ಅವಳು ಪೂರ್ತಿ ಕೇಳಿದಳು. ಕೋಪವಿಲ್ಲದೆ ಏನೂ ಇರಲಿಲ್ಲ.

"ಬುಡ್ಲಾ. ಆ ಹುಳ ನನ್ ಕೈಲಿ ಬೆಳ್ದವು, ನನ್ ಕಣ್ ಮುಂದೆ ಸತ್ವು. ಅದ ನೀನ್ ಹೊರಕಾಗಾಕಿಲ್ಲ. ಹೊತ್ರೆ ನಾನೇ ಹೊರ್ಬೇಕು."

ಮಂಡಿ ಹಿಡಿದುಕೊಂಡು ಎದ್ದು, ಕುಂಟುತ್ತ ಹಂಡೆಯ ಹತ್ತಿರ ಹೋದಳು. ಬೋರಣ್ಣ, ಆಡಬಾರದ ಮಾತು ಆಡಿದ್ದು ನಾನು, ತಪ್ಪಾಯಿತು, ಒಂದು ಲೋಟ ಮಜ್ಜಿಗೆ ಕೊಡು ಎಂದಳು. ಬೋರಲಿಂಗಯ್ಯ ಸೌಟನ್ನು ಹೆಂಡತಿಯ ಕೈಗೆ ಕೊಟ್ಟ. ಸರಸಮ್ಮ ಸುರಿದ ಮಜ್ಜಿಗೆ ಲೋಟ ತುಂಬಿ, ಆರೋಗ್ಯಮ್ಮನ ಕೈ ಮೇಲೆ, ಸೀರೆಯ ಮೇಲೆ ಹರಿಯಿತು. ಅವಳು ಅದನ್ನು ಪೂರ್ತಿ ಕುಡಿದಳು. ಅದನ್ನು ನೋಡಿ ಹಿಂದಿನವರೂ ಬಂದು ಲೋಟಕ್ಕೆ ಕೈಚಾಚಿದರು. ಎಲ್ಲರಿಗೂ ಬಾಯಾರಿತ್ತು.

ಆಮೇಲೆ ಅವಳು ವಾಪಸು ಬಂದು, ಇನ್ನಾಸಪ್ಪನ ತೊಡೆಯ ಮೇಲಿದ್ದ ಕರೀ ಕಲ್ಲನ್ನು ಎತ್ತಿ, ಚಿಕ್ಕಂದಿನಲ್ಲಿ ಅವನನ್ನು ಕೂರಿಸಿಕೊಳ್ಳುತ್ತಿದ್ದ ಹಾಗೆ ಸೊಂಟಕ್ಕೆ ಇಟ್ಟುಕೊಂಡಳು. ಬೇಡಕ್ಕ, ನಿನ್ನ ಮಂಡಿ ಎಂದು ಅವನು ಕೈ ಚಾಚಿದರೆ, ಚಪ್ಪಲಿ ಬಿಟ್ಟಿದ್ದೀನಿ, ಅದನ್ನು ಎತ್ತಿಕೊಂಡು ಬಾ ಎಂದು ಬೆಟ್ಟದ ದಾರಿ ಹಿಡಿದಳು. ಇನ್ನಾಸಪ್ಪ ಅವಳ ಸವೆದ ಚಪ್ಪಲಿಗಳನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಹಿಂದೆ ಹಿಂದೆ ನಡೆದ. ಊರಿನವರೆಲ್ಲರ ಕಲ್ಲು ಹೊತ್ತು ಹತ್ತಿದ್ದ ಆ ಬೆಟ್ಟದಲ್ಲಿ ಅವನಿಗೆ ಹೆಜ್ಜೆ ಹೆಜ್ಜೆಗೂ ಏದುಸಿರು.

ಅರ್ಧ ದಾರಿಯಲ್ಲಿ ರಾಯಪ್ಪ ಸಿಕ್ಕ. ಮಂಡಿ ನೋವಿನ ಹೆಂಗಸು ಅಷ್ಟು ದೊಡ್ಡ ಕಲ್ಲು ಹೊತ್ತಿರುವುದನ್ನೂ, ಹಿಂದೆ ಇನ್ನಾಸಪ್ಪ ಕಲ್ಲಿಲ್ಲದೆ, ಬರೀ ಚಪ್ಪಲಿ ಹಿಡಿದು ಬರುವುದನ್ನೂ ಕಂಡು ಅವನಿಗೆ ತಲೆ ಬುಡ ಅರ್ಥವಾಗಲಿಲ್ಲ.

"ಯಾರ್ದಲಾ ಇನ್ನಾಸ ಆ ಕಲ್ಲು?"

"ನಂದು," ಎಂದ ಇನ್ನಾಸಪ್ಪ.

ರಾಯಪ್ಪ ಅವನ ಮುಖ ನೋಡಿದ. ನಗಲು ತೆರೆದ ಬಾಯಿಯನ್ನು ಹಾಗೇ ಮುಚ್ಚಿ, ದಾರಿ ಬಿಟ್ಟು ನಿಂತ.